ಮನಿಯನ್ನು ಮನೆ ಮಾಡುವ ಮುನ್ನ

ಚಿಕ್ಕೇರೂರು ಎಂದು ಕಾಗದದ ಮೇಲೆ ಬರೆದರೆ 4 ಅಕ್ಷರ. ಅದನ್ನೇ ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಫೈಲಿನೊಳಗೆ ಎಣಿಸಿದರೆ 11 ಚಿಹ್ನೆ. ಯೂನಿಕೋಡಿನಲ್ಲಿ ಬರೆದರೆ 10. ಊರು ಒಂದೇ, ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನದು. ಕಣ್ಣಿಗೆ ಕಾಣುವ ರೂಪವೂ ಒಂದೇ. ಒಳಗಿನ ಲೆಕ್ಕ ಮಾತ್ರ ಬೇರೆ. ಈ 11ನ್ನು 10 ಮಾಡುವುದು ಹೇಗೆ ಎಂಬಲ್ಲಿಂದ ಶುರುವಾದ ನನ್ನ ಕೆಲಸವೊಂದು, ಯಾವುದನ್ನು ಬದಲಿಸಬಾರದು ಎಂಬ ಪ್ರಶ್ನೆಗೆ ಬಂದು ನಿಂತಿತು.

ಕೆಲಸ ಹೀಗಿತ್ತು. ಚಿಕ್ಕೇರೂರಿನ ನಿವೃತ್ತ ಮಾಸ್ತರರೊಬ್ಬರು ಸುತ್ತಲಿನ ಹಳ್ಳಿಗಳ ಹೆಂಗಸರಿಂದ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದಗಳನ್ನು ವರ್ಷಗಟ್ಟಲೆ ಕೇಳಿ ಬರೆದುಕೊಂಡಿದ್ದರು. ಇಪ್ಪತ್ತು ವರ್ಷಗಳ ಹಿಂದೆ, ಪುಸ್ತಕ ಮಾಡಬಹುದೆಂಬ ಆಸೆಯಿಂದ, ಎಲ್ಲವನ್ನೂ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ಸಿ.ಡಿ.ಗೆ ಹಾಕಿಸಿಕೊಂಡರು. ಪುಸ್ತಕ ಆಗಲಿಲ್ಲ. ಕೈಬರಹದ ನೋಟುಬುಕ್ಕುಗಳಿಗೆ ಗೆದ್ದಲು ಹತ್ತಿತು. ಹಾಡಿದವರಲ್ಲಿ ಬಹುತೇಕರು ಈಗಿಲ್ಲ. ಉಳಿದದ್ದು ಆ ಸಿ.ಡಿ.ಯಿಂದ ಪೆನ್ ಡ್ರೈವಿಗೆ ಬಂದ 63 ಫೈಲು. ಅವನ್ನು ಇವತ್ತಿನ ಯಾವ ಮೊಬೈಲಿನಲ್ಲಿ ತೆರೆದರೂ ಕನ್ನಡದ ಒಂದಕ್ಷರ ಕಾಣುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ತಲೆಯ ಮೇಲೆ ಗೆರೆ ಹೊತ್ತ ಫ್ರೆಂಚ್ ಅಕ್ಷರ, ನಡುನಡುವೆ ಪೌಂಡ್ ನಾಣ್ಯದ ಗುರುತು, ಇಷ್ಟೇ.

ಹಳೆಯ ಪತ್ರಿಕೆಗಳ, ಪುಸ್ತಕಗಳ ಫೈಲು ಮುಟ್ಟಿದವರಿಗೆಲ್ಲ ಈ ರೂಪ ಪರಿಚಿತ. ಕಾರಣ ಸರಳವಾಗಿದೆ. ಆ ಕಾಲದ ಸಾಮಾನ್ಯ ಕಂಪ್ಯೂಟರಿಗೆ ಕನ್ನಡದ ಒತ್ತಕ್ಷರ, ಗುಣಿತ ಜೋಡಿಸುವುದು ಬರುತ್ತಿರಲಿಲ್ಲ. ಕನ್ನಡಕ್ಕೆ 1991ರ ಮೊದಲ ಯೂನಿಕೋಡಿನಲ್ಲೇ 128 ಮನೆಗಳ ಜಾಗ ಸಿಕ್ಕಿತ್ತು ನಿಜ. ಆದರೆ ವಿಂಡೋಸಿನೊಳಗೇ ತುಂಗಾ ಎಂಬ ಕನ್ನಡ ಫಾಂಟು ಬಂದದ್ದು ಎಕ್ಸ್‌ಪಿಯ ಹೊತ್ತಿಗೆ, 2001ರಲ್ಲಿ. ಅಲ್ಲಿಯತನಕ, ಅದಾದ ಮೇಲೂ ಬಹುಕಾಲ, ಕನ್ನಡಿಗರು ಒಂದು ಜಾಣ ದಾರಿ ಹಿಡಿದಿದ್ದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದರು. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಎರಡರ ಹಳೆಯ ಫಾಂಟುಗಳೂ ಹೀಗೆಯೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ನಾವು ಕನ್ನಡವನ್ನೇ ಒತ್ತುತ್ತಿದ್ದೆವು, ಪರದೆಯ ಮೇಲೆ ಕನ್ನಡವೇ ಮೂಡುತ್ತಿತ್ತು, ಫೈಲಿನೊಳಗೆ ಕೂರುತ್ತಿದ್ದದ್ದು ಮಾತ್ರ ಲ್ಯಾಟಿನ್. ಫಾಂಟು ಇರುವತನಕ ಗುಟ್ಟು ಬಯಲಾಗುತ್ತಿರಲಿಲ್ಲ. ನಾಡಿನ ಅರ್ಧ ಮುದ್ರಣ ನಡೆದದ್ದೇ ಈ ಉಪಾಯದ ಮೇಲೆ. ಅದನ್ನು ಹಳಿಯುವುದು ಸರಿಯಲ್ಲ.

ನುಡಿ ಫೈಲಿನಲ್ಲಿ ಕನ್ನಡ ಎಂಬ ಪದ ಹೇಗಿರುತ್ತದೆ ನೋಡಿ. ಮೊದಲು ಇಂಗ್ಲಿಷಿನ ದೊಡ್ಡ ಪಿ, ಅದು ತಲೆಕಟ್ಟಿಲ್ಲದ ಕ. ಆಮೇಲೆ ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಅದು ತಲೆಕಟ್ಟು. ಪೌಂಡ್ ಗುರುತು, ಅದು ನ. ಮತ್ತೆ ತಲೆಕಟ್ಟು. ಜರ್ಮನರ ಜೋಡಿ ಎಸ್, ಅದು ನ ಒತ್ತು. ಸಣ್ಣ ಕ್ಯೂ, ಅದು ಡ. ಕೊನೆಗೊಂದು ತಲೆಕಟ್ಟು. ಒಟ್ಟು 7. ಮೊಳೆ ಜೋಡಿಸುವವನ ಕೈ ಹೇಗೆ ಓಡುತ್ತಿತ್ತೋ ಹಾಗೆಯೇ, ಕಣ್ಣಿಗೆ ಕಾಣುವ ಕ್ರಮದಲ್ಲಿ.

ಇದನ್ನು ಬದಲಿಸುವ ಸ್ಕ್ರಿಪ್ಟು ಬರೆಯುವುದು ಕಷ್ಟವಲ್ಲ. ಬದಲಿಸುವ ಈ ವಿದ್ಯೆಯೇ ಹಳೆಯದು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸೆಡ್ ಎಂಬ ಪುಟ್ಟ ಸಾಧನ ಮಾಡುತ್ತಿದ್ದದ್ದೇ ಇದು: ಸಾಲು ಓದು, ಇದು ಕಂಡರೆ ಅದನ್ನಿಡು, ಮುಂದಿನ ಸಾಲಿಗೆ ಹೋಗು. 1987ರಲ್ಲಿ ಲ್ಯಾರಿ ವಾಲ್ ಬರೆದ ಪರ್ಲ್ ಅದಕ್ಕೆ ರೆಕ್ಕೆ ಕಟ್ಟಿತು. 1991ರಲ್ಲಿ ಹೊರಬಂದ ಪೈಥಾನ್ ಅದನ್ನೇ ನಮ್ಮಂಥ ಕನ್ನಡ ಎಂ.ಎ.ಗಳಿಗೂ ಅರ್ಥವಾಗುವ ಮಾತಿನಲ್ಲಿ ಹೇಳಿತು. ಫೈಲು ತೆರೆ, ಓದಿಕೋ, ಬದಲಿಸು, ಬೇರೆ ಹೆಸರಿನ ಫೈಲಿಗೆ ಬರೆ. ನಾಲ್ಕು ಕೆಲಸ. ಬೇರೆ ಹೆಸರು ಎನ್ನುವುದನ್ನು ಮಾತ್ರ ಒತ್ತಿ ಹೇಳಬೇಕು. ಮೂಲ ಫೈಲಿನ ಮೇಲೆಯೇ ಬರೆಯುವ ಸ್ಕ್ರಿಪ್ಟು, ಓಲೆಯ ಪ್ರತಿ ಮಾಡಿಕೊಂಡು ಓಲೆಯನ್ನು ಒಲೆಗೆ ಹಾಕಿದ ಹಾಗೆ.

ಓದುವ ಹೆಜ್ಜೆಯಲ್ಲೇ ಮೊದಲ ಪಾಠವಿದೆ. ಹೊಸ ಸ್ಕ್ರಿಪ್ಟುಗಳು ಫೈಲನ್ನು ಯುಟಿಎಫ್-8 ಎಂದುಕೊಂಡು ಓದುತ್ತವೆ. ನುಡಿ ಫೈಲು ಹಾಗಿಲ್ಲ. ಅದನ್ನು ವಿಂಡೋಸ್ 1252 ಎಂಬ ಹಳೆಯ ಸಂಕೇತದಲ್ಲಿ ಓದಬೇಕು. ತಿಳಿಸದಿದ್ದರೆ ಪೈಥಾನ್ ಮೊದಲ ತಲೆಕಟ್ಟಿಗೇ ಮುಗ್ಗರಿಸಿ, ಇದು ನನಗೆ ತಿಳಿಯದು ಎಂದು ನಿಂತುಬಿಡುತ್ತದೆ. ನಿಲ್ಲುವುದು ಉಪಕಾರ. ತಪ್ಪುಗಳನ್ನು ಕಡೆಗಣಿಸಿ ಮುಂದೆ ಹೋಗು ಎಂದು ಹೇಳುವ ಅವಕಾಶವೂ ಉಂಟು. ಹಾಗೆ ಹೇಳಿದರೆ ಅದು ಸದ್ದಿಲ್ಲದೆ ಹೋಗುತ್ತದೆ. ಕನ್ನಡ ಎಂಬ ಪದದ 7 ಚಿಹ್ನೆಗಳಲ್ಲಿ ಪಿ ಮತ್ತು ಕ್ಯೂ ಎರಡೇ ಉಳಿಯುತ್ತವೆ.

ಎರಡನೆಯ ಪಾಠ ಕ್ರಮದ್ದು. ನುಡಿಯಲ್ಲಿ ಮ ಅಕ್ಷರಕ್ಕೆ ಸ್ವಂತ ಜಾಗವಿಲ್ಲ. ವ ಬರೆದು, ತಲೆಕಟ್ಟು ಕೊಟ್ಟು, ಪಕ್ಕಕ್ಕೆ ಕೊಂಬು ಎಳೆದರೆ ಮ. ನಾವು ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದೂ ಹೀಗೆಯೇ. ಯಂತ್ರಕ್ಕೆ ಮೊದಲು ವ ಬದಲಿಸು, ಆಮೇಲೆ ಕೊಂಬು ಬದಲಿಸು ಎಂದರೆ ಮನೆ ಎಂಬುದು ವುನೆ ಆಗುತ್ತದೆ, ಮತ್ತು ಎಂಬುದು ವುತ್ತು ಆಗುತ್ತದೆ. ಅಂತರ್ಜಾಲದಲ್ಲಿ ಈ ವುತ್ತುವನ್ನು ಕಂಡು ನಕ್ಕವರು ಬಹಳ ಮಂದಿ ಇದ್ದಾರೆ. ಯ ಕೂಡ ಹೀಗೆ; ಅದು ಸೊನ್ನೆಯಿಂದ ಶುರುವಾಗುತ್ತದೆ, ಸೊನ್ನೆಯನ್ನು ಮೊದಲೇ ಬದಲಿಸಿಬಿಟ್ಟರೆ ಯ ಒಡೆದುಹೋಗುತ್ತದೆ. ಆದ್ದರಿಂದ ಉದ್ದದ ಜೋಡಣೆ ಮೊದಲು, ತುಂಡು ಆಮೇಲೆ.

ಮೂರನೆಯದು ಜಾಗದ್ದು. ಅರ್ಥ ಎಂಬ ಪದದಲ್ಲಿ ಅರ್ಕಾವತ್ತು ಕಾಣುವುದು ಥ ಆದಮೇಲೆ, ಬಾಯಲ್ಲಿ ರ್ ಬರುವುದು ಥಕ್ಕಿಂತ ಮೊದಲು. ನುಡಿ ಕಣ್ಣನ್ನು ನಂಬುತ್ತದೆ, ಯೂನಿಕೋಡು ಬಾಯನ್ನು. ಹಾಗಾಗಿ ಬದಲಿಸಿದರಷ್ಟೇ ಸಾಲದು, ಎತ್ತಿ ಹಿಂದಕ್ಕಿಡಬೇಕು. ಚಿಕ್ಕೇರೂರಿನ ಕ್ಕೇ ನೋಡಿ: ನುಡಿಯಲ್ಲಿ ಕ, ಎತ್ವ, ಕ ಒತ್ತು, ದೀರ್ಘ. ಯೂನಿಕೋಡಿನಲ್ಲಿ ಕ, ವಿರಾಮ, ಕ, ಏತ್ವ. ಒತ್ತಿನ ಅತ್ತ ಇತ್ತ ನಿಂತ ಎತ್ವವನ್ನೂ ದೀರ್ಘವನ್ನೂ ಕೂಡಿಸಿ ಒಂದು ಮಾಡಿ ಒತ್ತಿನ ಆಚೆಗೆ ಇಡಬೇಕು. ಕೂಡಿಸದೆ ಬಿಟ್ಟರೂ ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. 63ರಲ್ಲಿ 9 ಫೈಲುಗಳನ್ನು ಮಾಸ್ತರರ ಮನೆಯವರು ಮೊದಲೇ ಎಲ್ಲೋ ಯೂನಿಕೋಡಿಗೆ ಪರಿವರ್ತಿಸಿಟ್ಟಿದ್ದರು. ಅವುಗಳಲ್ಲಿ ಚಿಕ್ಕೇರೂರು ಎಂದು ಹುಡುಕಿದರೆ ಒಂದೂ ಇಲ್ಲ ಎಂಬ ಉತ್ತರ. ಕಣ್ಣೆದುರಿಗೇ ಊರಿನ ಹೆಸರಿದೆ, ಹುಡುಕಿದರೆ ಇಲ್ಲ! ಅಲ್ಲಿ ಏತ್ವ ಎರಡು ತುಂಡಾಗಿಯೇ ಉಳಿದಿತ್ತು. ಯೂನಿಕೋಡು ಇದಕ್ಕೆಂದೇ ಎನ್‌ಎಫ್‌ಸಿ ಎಂಬ ಕೂಡಿಸುವ ನಿಯಮ ಇಟ್ಟಿದೆ. ಒಂದು ಸಾಲಿನ ಕೆಲಸ.

ಇದನ್ನೆಲ್ಲ ಮೊದಲಿನಿಂದ ನಾನೇ ಕಂಡುಹಿಡಿಯಬೇಕಾಗಿರಲಿಲ್ಲ. ಅರವಿಂದ ವಿ.ಕೆ. ಅವರು ಬರೆದು ಎಲ್ಲರಿಗೂ ತೆರೆದಿಟ್ಟ ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಸ್ಕ್ರಿಪ್ಟು ಇತ್ತು. ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿದ ವಚನ ಸಂಚಯದಂಥ ಕೆಲಸಗಳ ಹಿಂದೆ ಇರುವುದೂ ಇಂಥದೇ ದುಡಿಮೆ. ಅದರ ಪಟ್ಟಿಯನ್ನು ಸಾಲುಸಾಲಾಗಿ ಓದಿ, ನಮ್ಮ ಫೈಲುಗಳಿಗೆ ಬೇಕಾದ ಎರಡು ಮೂರು ನಿಯಮ ಸೇರಿಸಿದೆ. ಫೈಲುಗಳಲ್ಲಿ ಅಲ್ಲಲ್ಲಿ ನಿಜವಾದ ಇಂಗ್ಲಿಷೂ ಇತ್ತು. ಫಾಂಟಿನ ಗುರುತು ಕಳೆದುಹೋದ ಬರಿಯ ಪಠ್ಯದಲ್ಲಿ ಇಂಗ್ಲಿಷಿನ ಪಿ ಯಾವುದು, ಕನ್ನಡದ ಕ ಆದ ಪಿ ಯಾವುದು ಎಂದು ಯಂತ್ರಕ್ಕೆ ತಿಳಿಯದು. ಅವನ್ನು ಮಾತ್ರ ಮೊದಲೇ ಕೈಯಿಂದ ಗುರುತು ಮಾಡಿದೆ. ಆಮೇಲೆ ಓಡಿಸಿದರೆ, 63 ಫೈಲು ಚಹಾ ಆರುವುದರೊಳಗೆ ಕನ್ನಡವಾದವು. ಕನ್ನಡದ 128 ಮನೆಗಳ ಹೊರಗೆ ಏನಾದರೂ ಉಳಿದಿದೆಯೇ ಎಂದು ಇನ್ನೊಂದು ಸಣ್ಣ ಸ್ಕ್ರಿಪ್ಟಿನಿಂದ ಎಣಿಸಿ, ಉಳಿದದ್ದನ್ನು ಒಂದೊಂದಾಗಿ ನೋಡಿ ಮುಗಿಸಿದೆ.

ಇಲ್ಲಿಯವರೆಗಿನ ಬದಲಾವಣೆಯಲ್ಲಿ ಯಾವ ಜಗಳವೂ ಇರಲಿಲ್ಲ. ಪೌಂಡ್ ಗುರುತು ನ ಆದರೆ ಯಾರಿಗೂ ನಷ್ಟವಿಲ್ಲ. ಜಗಳ ಇದ್ದದ್ದು ಮುಂದೆ.

ಪುಸ್ತಕ ತರಲು ಆಸಕ್ತಿ ತೋರಿಸಿದ ಹಿತೈಷಿಯೊಬ್ಬರು ಫೈಲು ಓದಿ, ಭಾಷೆ ಸ್ವಲ್ಪ ತಿದ್ದಿದರೆ ಎಲ್ಲ ಕಡೆಯ ವಿದ್ಯಾರ್ಥಿಗಳೂ ಓದಬಹುದು ಎಂದರು. ಎಡಕ್ಕೊಂದು ಬಲಕ್ಕೊಂದು ಬರೆದ 40 ಪದಗಳ ಪಟ್ಟಿಯನ್ನೂ ಕಳಿಸಿದರು. ಮನಿ ಇದ್ದಲ್ಲಿ ಮನೆ. ಮಳಿ ಇದ್ದಲ್ಲಿ ಮಳೆ. ಕೆರಿ ಇದ್ದಲ್ಲಿ ಕೆರೆ. ಮ್ಯಾಲ ಇದ್ದಲ್ಲಿ ಮೇಲೆ. ಸ್ವಾಮಾರ ಇದ್ದಲ್ಲಿ ಸೋಮವಾರ. ಸ್ಕ್ರಿಪ್ಟು ಹೇಗೂ ಇದೆಯಲ್ಲ, ಒಂದು ನಿಮಿಷದ ಕೆಲಸ ಎಂದೂ ಬರೆದಿದ್ದರು. ಅವರ ಕಾಳಜಿಯಲ್ಲಿ ಕೆಡುಕಿರಲಿಲ್ಲ. ಮೈಸೂರಿನ ಹುಡುಗಿಯೊಬ್ಬಳು ಈ ಪದಗಳನ್ನು ಓದಬೇಕೆಂಬುದು ನನ್ನ ಆಸೆಯೂ ಹೌದು.

ಪಟ್ಟಿಯನ್ನು ಫೈಲುಗಳ ಒಂದು ನಕಲಿನ ಮೇಲೆ ಓಡಿಸಿ, ಎಲ್ಲೆಲ್ಲಿ ಏನೇನು ಬದಲಾಯಿತು ಎಂದು ಎದುರುಬದುರು ಇಟ್ಟು ಓದಿದೆ. ಹಾಡುಗಳಿಗೆ ಮಾಸ್ತರರು ತಮ್ಮ ಶಾಲೆಯ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದರು. ಒಂದು ಟಿಪ್ಪಣಿ ಹೀಗಿತ್ತು: ಅಕ್ಕ ತಮ್ಮನಿಗೆ ಹೇಳಿ ಕಳಿಸುವ ಪದ. ಪಟ್ಟಿ ಹಾಯ್ದ ಮೇಲೆ ಅದು ಹೀಗಾಗಿತ್ತು: ಅಕ್ಕ ತಮ್ಮನೆಗೆ ಹೇಳಿ ಕಳಿಸುವ ಪದ. ತಮ್ಮನಿಗೆ ಎಂಬುದರ ಹೊಟ್ಟೆಯಲ್ಲಿ ಮನಿ ಇದೆ. ಯಂತ್ರ ಅದನ್ನೂ ಮನೆ ಮಾಡಿತು. ತಮಾಷೆಯೆಂದರೆ ಹೊಸ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಅಕ್ಕ ತವರುಮನೆಗೆ ಹೇಳಿ ಕಳಿಸಿದಳು ಎಂದು ಓದುಗ ತಿಳಿಯುತ್ತಾನೆ, ಮುಂದೆ ಹೋಗುತ್ತಾನೆ. ಹಾಡಿನೊಳಗಿನ ತಮ್ಮ ಮಾತ್ರ ಕಾಣೆಯಾದ. ಎದ್ದು ಕಾಣುವ ದೋಷವನ್ನು ಯಾರಾದರೂ ತಿದ್ದುತ್ತಾರೆ. ಹೀಗೆ ಸರಿಯಾಗಿಯೇ ಕಾಣುವ ದೋಷ ಪುಸ್ತಕದಲ್ಲಿ ನೂರು ವರ್ಷ ಇರಬಲ್ಲದು.

ಪೂರ್ಣ ಪದವಾಗಿದ್ದರೆ ಮಾತ್ರ ಬದಲಿಸು ಎನ್ನಬಹುದಲ್ಲ ಎಂದು ತಿಳಿದವರು ಕೇಳುತ್ತಾರೆ. ಹುಡುಕುವ ನಮೂನೆಗಳಲ್ಲಿ ಪದದ ಅಂಚನ್ನು ಸೂಚಿಸುವ ಗುರುತೊಂದಿದೆ. ಇಂಗ್ಲಿಷಿಗೆ ಅದು ಚೆನ್ನಾಗಿ ನಡೆಯುತ್ತದೆ. ಪೈಥಾನಿನ ಜೊತೆಗೇ ಬರುವ ನಮೂನೆ ಹುಡುಕುವ ಮಾಡ್ಯೂಲು ಮಾತ್ರ ಕನ್ನಡದ ಗುಣಿತ ಚಿಹ್ನೆಗಳನ್ನೂ ವಿರಾಮವನ್ನೂ ಅಕ್ಷರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಕಣ್ಣಿಗೆ ಕ, ಮ, ನ ಅಕ್ಷರ; ಇಕಾರ, ಏಕಾರ ಖಾಲಿ ಜಾಗದ ಸಮಾನ. ಪರಿಣಾಮವೇನು? ಒಂಟಿಯಾಗಿ ನಿಂತ ಮನಿ ಇಕಾರದಲ್ಲಿ ಮುಗಿದು ಮುಂದೆ ಖಾಲಿ ಜಾಗ ಬರುವುದರಿಂದ, ಅಲ್ಲಿ ಅಂಚೇ ಇಲ್ಲ ಎಂದು ಅದನ್ನು ಬಿಟ್ಟುಬಿಡುತ್ತದೆ. ತಮ್ಮನಿಗೆ ಎಂಬಲ್ಲಿ ಒತ್ತಿನ ವಿರಾಮ ಒಂದು ಅಂಚು, ಇಕಾರದ ಮುಂದಿನ ಗ ಇನ್ನೊಂದು ಅಂಚು ಎಂದು ತಿಳಿದು ಅದನ್ನೇ ಹಿಡಿಯುತ್ತದೆ. ಹಿಡಿಯಬೇಕಾದ್ದನ್ನು ಬಿಟ್ಟು, ಬಿಡಬೇಕಾದ್ದನ್ನು ಹಿಡಿಯುವ ಪೊಲೀಸಿನ ಹಾಗೆ! ರೆಜೆಕ್ಸ್ ಎಂಬ ಬೇರೆ ಮಾಡ್ಯೂಲು ಹಾಕಿಕೊಂಡರೆ, ಇಲ್ಲವೇ ಪರ್ಲ್ ಬಳಸಿದರೆ, ಈ ತೊಂದರೆಯಿಲ್ಲ. ಅಲ್ಲಿ ಗುಣಿತ ಚಿಹ್ನೆಯೂ ಪದದ ಭಾಗವೇ.

ಆದರೆ ಅಂಚು ಸರಿಹೋದರೂ ಪಟ್ಟಿ ಸರಿಹೋಗಲಿಲ್ಲ. ಮಳಿಗೆ ಎಂಬ ಪದ ತೆಗೆದುಕೊಳ್ಳಿ. ಟಿಪ್ಪಣಿಯಲ್ಲಿ ಮಳಿಗೆ ಎಂದರೆ ಅಂಗಡಿ. ಹಾಡಿನಲ್ಲಿ ಮಳಿಗೆ ಎಂದರೆ ಮಳೆಗೆ. ಅಕ್ಷರಗಳು ಅವೇ, ಅಂಚುಗಳೂ ಅವೇ. ಯಾವುದು ಅಂಗಡಿ, ಯಾವುದು ಮಳೆ ಎಂಬುದು ಓದಿದವರಿಗೆ ಮಾತ್ರ ಗೊತ್ತಾಗುತ್ತದೆ. ಸ್ಕ್ರಿಪ್ಟು ಫೈಲನ್ನು ಓದುತ್ತದೆ ಎನ್ನುತ್ತೇವೆ. ಅದು ಓದುವುದಿಲ್ಲ, ಹಾಯುತ್ತದೆ.

ಪಟ್ಟಿಯನ್ನು ಹಿಡಿದುಕೊಂಡು ಮಾಸ್ತರರ ಹತ್ತಿರ ಹೋದೆ. ಅವರಿಗೆ ಈಗ ಅಕ್ಷರ ಕಾಣುವುದಿಲ್ಲ, ಓದಿ ಹೇಳಬೇಕು. ಒಂದು ಬೀಸುವ ಪದವನ್ನು ಪಟ್ಟಿಯ ಪ್ರಕಾರ ತಿದ್ದಿದ ರೂಪದಲ್ಲಿ ಓದಿದೆ. ಅವರು ಬಲಗೈಯನ್ನು ಬೀಸುಕಲ್ಲಿನ ಗೂಟ ಹಿಡಿದವರಂತೆ ತಿರುಗಿಸುತ್ತ ಕೇಳುತ್ತಿದ್ದರು. ಸೋಮವಾರ ಎಂಬಲ್ಲಿ ಕೈ ನಿಂತಿತು.

‘ತಮ್ಮಾ, ಅಲ್ಲಿ ಒಂದು ಹೆಚ್ಚಾತು ನೋಡು.’

‘ಏನ್ರಿ ಸರ್, ಹೆಚ್ಚಾಗಿದ್ದು?’

‘ಕಲ್ಲು ತಿರುಗಿ ಬರೂದ್ರಾಗ ಮಾತು ಮುಗೀಬೇಕು. ಸ್ವಾಮಾರ ಅಂದ್ರ ಮುಗೀತೈತಿ. ಸೋಮವಾರ ಅಂದ್ರ ಕಲ್ಲು ಕಾಯ್ಬೇಕು.’

ಎಣಿಸಿ ನೋಡಿದೆ. ಸ್ವಾಮಾರ 5 ಮಾತ್ರೆ, ಸೋಮವಾರ 6. ಬರಹದಲ್ಲಿ ಅಶುದ್ಧವೆಂದು ಕಂಡದ್ದು ಬೀಸುಕಲ್ಲಿನ ಲೆಕ್ಕದಲ್ಲಿ ಶುದ್ಧವಾಗಿತ್ತು. ಇನ್ನೊಂದು ಪದದಲ್ಲಿ ಮನಿ ಎಂಬುದು ಮುಂದಿನ ಸಾಲಿನ ದನಿ ಎಂಬುದಕ್ಕೆ ಪ್ರಾಸವಾಗಿ ಕೂತಿತ್ತು. ಮನೆ ಮಾಡಿದರೆ ಅರ್ಥ ಉಳಿದು ದನಿ ಒಂಟಿಯಾಗುತ್ತಿತ್ತು.

ನಮ್ಮ ತಾಲ್ಲೂಕಿಗೆ ಪಾಠಾಂತರದ ಮಾತು ಹೊಸದಲ್ಲ. ಸರ್ವಜ್ಞ ಹುಟ್ಟಿದ್ದು ಅಬಲೂರಿನಲ್ಲೋ ಮಾಸೂರಿನಲ್ಲೋ ಎಂಬ ಚರ್ಚೆ ನಡೆಯುತ್ತಲೇ ಬಂದಿದೆ. ಎರಡೂ ಹಿರೇಕೆರೂರು ಸೀಮೆಯ ಊರುಗಳೇ. ಅಬಲೂರನ್ನು ಕೆಲವರು ಅಬ್ಬಲೂರು ಎಂದು ಬರೆಯುತ್ತಾರೆ, ಹಿರೇಕೆರೂರನ್ನು ಹಿರೇಕೆರೂರ ಎಂದು ಬರೆಯುವವರೂ ಇದ್ದಾರೆ. ಊರ ಎನ್ನುವುದು ಇಲ್ಲಿನ ಬಾಯಿಯ ರೂಢಿ. ಸರ್ವಜ್ಞನ ತ್ರಿಪದಿಗಳು ಊರಿಂದೂರಿಗೆ, ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟುತ್ತ ಒಂದೊಂದು ಕಡೆ ಒಂದೊಂದು ರೂಪ ತಾಳಿದವು. ರೆವರೆಂಡ್ ಚನ್ನಪ್ಪ ಉತ್ತಂಗಿಯವರು ಅವನ್ನು ಕಷ್ಟಪಟ್ಟು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಅಂಥ ಕೆಲಸ ಸಾಧ್ಯವಾಗುವುದೇ ಪ್ರತಿಗಳು ಒಂದಕ್ಕೊಂದು ಬೇರೆಯಾಗಿ ಉಳಿದಿರುವುದರಿಂದ. ಒಬ್ಬ ಲಿಪಿಕಾರ ತನ್ನ ಪ್ರತಿಯಲ್ಲಿ ಒಂದು ಪದ ತಿದ್ದಿದರೆ, ಪಕ್ಕದೂರಿನ ಪ್ರತಿಯಲ್ಲಿ ಹಳೆಯದು ಇರುತ್ತಿತ್ತು. ಎರಡನ್ನೂ ಇಟ್ಟು ನೋಡಿದವನಿಗೆ ತಿದ್ದಿದ್ದು ತಿಳಿಯುತ್ತಿತ್ತು.

ಸ್ಕ್ರಿಪ್ಟಿಗೂ ಲಿಪಿಕಾರನಿಗೂ ಇರುವ ವ್ಯತ್ಯಾಸ ಇಷ್ಟೇ. ಲಿಪಿಕಾರ ಒಂದು ಕಡೆ ಎಡವುತ್ತಾನೆ, ಇನ್ನೊಂದು ಕಡೆ ಬೇಸರದಿಂದಲೋ ಭಕ್ತಿಯಿಂದಲೋ ಇದ್ದದ್ದನ್ನು ಹಾಗೆಯೇ ಬಿಡುತ್ತಾನೆ. ಸ್ಕ್ರಿಪ್ಟು ಎಲ್ಲ ಕಡೆ ಒಂದೇ ಸಮ. ಅದು ಏಕರೂಪ ಮಾಡಿದ ಮೇಲೆ, ಇಲ್ಲಿ ಬೇರೆ ರೂಪವಿತ್ತು ಎಂಬ ಅನುಮಾನಕ್ಕೂ ಆಧಾರ ಉಳಿಯುವುದಿಲ್ಲ. ನೋಟುಬುಕ್ಕನ್ನು ಗೆದ್ದಲು ತಿಂದರೆ ತೂತಾದರೂ ಕಾಣುತ್ತದೆ.

ಹಾಗಾಗಿ ಕೆಲಸವನ್ನು ಎರಡಾಗಿ ಸೀಳಿದೆ. ಚಿಹ್ನೆಯಿಂದ ಅಕ್ಷರಕ್ಕೆ ಹೋಗುವುದು ಯಂತ್ರದ್ದು. ಅದರ ನಿಯಮವನ್ನು ತಿರುಗಿಸಿ ಓಡಿಸಿದರೆ ಮತ್ತೆ ಹಳೆಯ ಫೈಲು ಸಿಗಬೇಕು, ಸಿಕ್ಕರೆ ಮಾತ್ರ ಅದು ಸರಿ. ಪದದಿಂದ ಪದಕ್ಕೆ ಹೋಗುವುದು ಮನುಷ್ಯನದು. ಮನಿಯನ್ನು ಒಮ್ಮೆ ಮನೆ ಮಾಡಿದ ಮೇಲೆ, ಮೊದಲಿನಿಂದಲೂ ಮನೆಯಾಗಿದ್ದದ್ದು ಯಾವುದು, ಆಮೇಲೆ ಮನೆಯಾದದ್ದು ಯಾವುದು ಎಂದು ಹಿಂದಿರುಗಿ ಹೇಳಲು ಬಾರದು. ಹಿಂದಿರುಗಲಾಗದ ಬದಲಾವಣೆಯನ್ನು ಗುಂಪಿನಲ್ಲಿ ಮಾಡಬಾರದು.

ಹಿತೈಷಿಗಳ ಪಟ್ಟಿ ವ್ಯರ್ಥವಾಗಲಿಲ್ಲ. ಅದನ್ನು ತಿದ್ದುವ ಪಟ್ಟಿಯ ಬದಲು ಹುಡುಕುವ ಪಟ್ಟಿ ಮಾಡಿದೆವು. ಈಗ ಮನೆ ಎಂದು ಹುಡುಕಿದರೆ ಮನಿ ಇರುವ ಸಾಲುಗಳೂ ಬರುತ್ತವೆ, ಸೋಮವಾರ ಎಂದರೆ ಸ್ವಾಮಾರವೂ ಸಿಗುತ್ತದೆ. ಪುಸ್ತಕದ ಕೊನೆಗೆ ಅದೇ ಪಟ್ಟಿ ಪದಕೋಶವಾಗಿ ಹೋಗುತ್ತದೆ. ಮೈಸೂರಿನ ಹುಡುಗಿಗೆ ದಾರಿ ಸಿಕ್ಕಿತು, ಚಿಕ್ಕೇರೂರಿನ ಮುದುಕಿಯ ಬಾಯಿಯೂ ಮುಚ್ಚಲಿಲ್ಲ. ಹಿತೈಷಿಗಳೂ ಒಪ್ಪಿದರು.

ಉಳಿದದ್ದು ಟೈಪು ಮಾಡುವಾಗ ಬಿದ್ದಿರಬಹುದಾದ ದೋಷಗಳು. ಒಂದೇ ಒಂದು ಸಲ ಬಂದ, ಯಾವ ಪಟ್ಟಿಯಲ್ಲೂ ಇಲ್ಲದ ಪದಗಳನ್ನು ಸ್ಕ್ರಿಪ್ಟು ಬೇರೆ ತೆಗೆದುಕೊಟ್ಟಿತು. ನಾವಿಬ್ಬರೂ ಅವನ್ನು ಒಂದೊಂದಾಗಿ ನೋಡಿ, 17 ಕಡೆ ಮಾಸ್ತರರು ಹೇಳಿದಂತೆ ತಿದ್ದಿ, ಮೊದಲಿನ ರೂಪವನ್ನೂ ತಿದ್ದಿದ ಕಾರಣವನ್ನೂ ಬೇರೊಂದು ಫೈಲಿನಲ್ಲಿ ಬರೆದಿಟ್ಟೆವು. ಹದಿನೆಂಟನೆಯದು ಒಂದು ತೊಟ್ಟಿಲ ಪದದಲ್ಲಿತ್ತು. ನನಗೆ ಅರ್ಥವಾಗದ ಪದ, ನಿಘಂಟಿನಲ್ಲೂ ಕಾಣದ್ದು. ಟೈಪಿನ ದೋಷವಿರಬೇಕು ಎಂದೆ. ಅವರು ಎರಡು ಸಲ ಓದಿಸಿ ಕೇಳಿದರು.

‘ಆಕಿ ಹಾಂಗ ಅಂದಿದ್ಲು. ನಾನೂ ಅರ್ಥ ಕೇಳಿದ್ದೆ. ನಮ್ಮವ್ವ ಅಂತಿದ್ಲು, ನಾ ಅಂತೀನಿ ಅಂದ್ಲು.’

ಆ ಪದ ಹಾಗೆಯೇ ಇದೆ.